ಎದುರಾಳಿಯ ಸಮಾಧಿಗೂ ಒಂದು ಕಾವಲು

ನವೆಂಬರ್ ತಿಂಗಳು ಮೃತರ ತಿಂಗಳು. ಮೊದಲನೆಯ ದಿನ ಸಕಲ ಸಂತರ ಹಬ್ಬವನ್ನು ಆಚರಿಸಿ, ಮರುದಿನ ಅಗಲಿದ ಸಕಲ ವಿಶ್ವಾಸಿಗಳನ್ನು ಸ್ಮರಿಸುವುದು ಧರ್ಮಸಭೆಯ ಪುರಾತನ ಪದ್ಧತಿ. ಗಡಿನಾಡಿನ ನಮ್ಮ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ಭಾಗಗಳಲ್ಲಿ ಇದು ಕಬ್ಬಿನ ಹಂಗಾಮು ಆರಂಭವಾಗುವ ಕಾಲವೂ ಹೌದು. ಕಾರ್ಖಾನೆಗಳತ್ತ ಸಾಗುವ ಕಬ್ಬಿನ ಗಾಡಿಗಳ ಸಾಲನ್ನು ದಾಟಿಕೊಂಡು, ಕೈಯಲ್ಲಿ ಚೆಂಡು ಹೂವಿನ ಮಾಲೆ, ಮೇಣದ ಬತ್ತಿ, ಊದುಬತ್ತಿಗಳನ್ನು ಹಿಡಿದು ನಮ್ಮ ಕುಟುಂಬಗಳು ಸಮಾಧಿಭೂಮಿಗೆ ತೆರಳುತ್ತವೆ. ಕಳೆ ಕಿತ್ತು, ಮಣ್ಣು ಏರಿಸಿ, ಶಿಲುಬೆಗೆ ಸುಣ್ಣ ಬಳಿದು, ಗುರುಗಳು ತೀರ್ಥ ಪ್ರೋಕ್ಷಿಸುವವರೆಗೂ ತಲೆಬಾಗಿ ನಿಲ್ಲುತ್ತವೆ.

ಹಾಗೆ ನಿಂತಾಗ ಒಂದು ಸಂಗತಿ ಮನಸ್ಸನ್ನು ಕಲಕದೆ ಇರದು. ಕೆಲವು ಸಮಾಧಿಗಳ ಮೇಲೆ ಹೆಸರುಗಳಿವೆ. ಅನೇಕ ಸಮಾಧಿಗಳ ಮೇಲೆ ಇಲ್ಲ. ಕಟ್ಟಿಗೆಯ ಶಿಲುಬೆ ಮಳೆಗೆ ಕೊಳೆತು ಬಿದ್ದ ಮೇಲೆ ಅಲ್ಲಿ ಮಲಗಿದವರು ಯಾರೆಂಬುದನ್ನು ಮನೆಯ ಹಿರಿಯ ತಲೆಯೊಂದೇ ಬಲ್ಲದು. ಆ ತಲೆಯೂ ಮಣ್ಣು ಸೇರಿದ ಮೇಲೆ ಬಲ್ಲವರೇ ಇಲ್ಲ. ಸಮಾಧಿಯ ತಲೆಯ ಕಡೆಗೆ ನಿಲ್ಲಿಸುವ ಒಂದು ಕಲ್ಲು ಎಷ್ಟು ದೊಡ್ಡ ಕೆಲಸ ಮಾಡುತ್ತದೆ ಎಂಬುದು ಅದು ಇಲ್ಲವಾದಾಗಲೇ ತಿಳಿಯುತ್ತದೆ. ಈ ವಾರದ ನಮ್ಮ ಚಿಂತನೆಗೆ ಅಂಥ ಕಲ್ಲುಗಳೇ ವಸ್ತು. ಅವುಗಳಲ್ಲೊಂದು ನಮಗೆ ಹತ್ತಿರದ ಧಾರವಾಡದಲ್ಲಿದೆ. ಮತ್ತೊಂದು ದೂರದ ಇಂಗ್ಲೆಂಡಿನ ದೇವಾಲಯದ ಅಂಗಳದಲ್ಲಿದೆ.

ಧಾರವಾಡದ ಹಳೆಯ ಸಮಾಧಿಭೂಮಿ

ಧಾರವಾಡದ ಹಳೆಯ ಸಮಾಧಿಭೂಮಿಯೊಂದರಲ್ಲಿ ಇಬ್ಬರು ಆಂಗ್ಲ ಅಧಿಕಾರಿಗಳ ಸಮಾಧಿಶಿಲೆಗಳಿವೆ. ಒಬ್ಬ ಸೇಂಟ್ ಜಾನ್ ಥ್ಯಾಕರೆ, ಇನ್ನೊಬ್ಬ ಜೆ. ಕಾಲಿನ್ಸ್ ಮನ್ರೊ. ಇಬ್ಬರೂ 1824ರ ಕಿತ್ತೂರಿನ ಕದನದಲ್ಲಿ ಮಡಿದವರು. ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯು ಈ ಸಮಾಧಿಗಳನ್ನು ರಾಷ್ಟ್ರೀಯ ಮಹತ್ತ್ವದ ಸಂರಕ್ಷಿತ ಸ್ಮಾರಕವೆಂದು ಪರಿಗಣಿಸಿ ಕಾಪಾಡುತ್ತಿದೆ. ಕಿತ್ತೂರಿನ ಕೋಟೆಯ ಮೇಲೆ ತೋಪು ಹಾರಿಸಲು ಹೊರಟವನ ಗೋರಿಯನ್ನು, ಕಿತ್ತೂರು ರಾಣಿ ಚೆನ್ನಮ್ಮನವರನ್ನು ಮಾತೆಯೆಂದು ಪೂಜಿಸುವ ನಾಡು ಜತನದಿಂದ ಉಳಿಸಿಕೊಂಡಿದೆ. ಇದು ಸಾಮಾನ್ಯ ಸಂಗತಿಯಲ್ಲ.

ಥ್ಯಾಕರೆಯ ಕಥೆಯನ್ನು ನಮ್ಮ ಶಾಲಾಮಕ್ಕಳೂ ಬಲ್ಲರು. ಆದರೂ ಸಂಕ್ಷೇಪವಾಗಿ ನೆನೆಯುವುದು ಉಚಿತ. 1817-18ರಲ್ಲಿ ಪೇಶವೆಯರ ಆಳ್ವಿಕೆ ಕೊನೆಗೊಂಡಾಗ ಥಾಮಸ್ ಮನ್ರೊ ಈ ಸೀಮೆಯ ಕೋಟೆಗಳನ್ನು ಒಂದೊಂದಾಗಿ ವಶಪಡಿಸಿಕೊಂಡನು. ಬೆಳಗಾವಿಯ ಕೋಟೆ 1818ರ ಏಪ್ರಿಲ್‌ನಲ್ಲಿ ಶರಣಾಯಿತು. ಆಗ ಬೆಳಗಾವಿ ಎಂಬ ಪ್ರತ್ಯೇಕ ಜಿಲ್ಲೆ ಇರಲಿಲ್ಲ. ಅದು ಧಾರವಾಡದಿಂದ ಬೇರ್ಪಟ್ಟದ್ದು 1836ರಲ್ಲಿ. ಹೀಗಾಗಿ ಧಾರವಾಡದಲ್ಲಿ ಕುಳಿತ ಪ್ರಧಾನ ಕಲೆಕ್ಟರನೇ ಈ ಭಾಗದ ವಿಶಾಲ ಪ್ರದೇಶಕ್ಕೆ ಕಂಪನಿ ಸರಕಾರದ ಪ್ರತಿನಿಧಿ. ಆ ಸ್ಥಾನದಲ್ಲಿ ಇದ್ದವನೇ ಸೇಂಟ್ ಜಾನ್ ಥ್ಯಾಕರೆ. ಆಂಗ್ಲ ಸಾಹಿತ್ಯದ ಪ್ರಸಿದ್ಧ ಕಾದಂಬರಿಕಾರ ವಿಲಿಯಂ ಮೇಕ್‌ಪೀಸ್ ಥ್ಯಾಕರೆಯ ತಂದೆಯ ಸಹೋದರನೀತ. ಆಗ ನಮ್ಮ ಐದು ತಾಲೂಕುಗಳ ಸ್ಥಿತಿ ಭಿನ್ನವಾಗಿತ್ತು. ನಿಪ್ಪಾಣಿ ಮತ್ತು ಅಥಣಿ ನಿಪ್ಪಾಣಿಯ ದೇಸಾಯರ ಅಧೀನದಲ್ಲಿದ್ದು 1839ರಲ್ಲಿ ಕಂಪನಿಯ ವಶವಾದವು. ರಾಯಬಾಗವು ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿ 1949ರ ವಿಲೀನದವರೆಗೂ ಅಲ್ಲೇ ಉಳಿಯಿತು.

1824ರ ಸೆಪ್ಟೆಂಬರಿನಲ್ಲಿ ಕಿತ್ತೂರಿನ ದೇಸಾಯಿ ಶಿವಲಿಂಗರುದ್ರಸರ್ಜನು ಸಂತಾನವಿಲ್ಲದೆ ತೀರಿಕೊಂಡನು. ಸಾವಿಗೆ ಮುನ್ನ ಅವನು ದತ್ತು ಸ್ವೀಕರಿಸಿದ್ದನೆಂದು ಸಂಸ್ಥಾನ ಹೇಳಿತು. ಥ್ಯಾಕರೆ ಆ ದತ್ತಕವನ್ನು ಒಪ್ಪಲಿಲ್ಲ. ಖಜಾನೆಗೆ ಮುದ್ರೆ ಹಾಕಿಸಿ ಕಾವಲು ಇಟ್ಟನು. ಮಲ್ಲಸರ್ಜ ದೇಸಾಯಿಯ ವಿಧವೆಯಾದ ರಾಣಿ ಚೆನ್ನಮ್ಮನವರು ಇದಕ್ಕೆ ಮಣಿಯಲಿಲ್ಲ. ಅಕ್ಟೋಬರ್ 23ರಂದು ಕೋಟೆಯ ಬಾಗಿಲು ಮುಚ್ಚಿತು. ಬಾಗಿಲನ್ನು ತೋಪಿನಿಂದ ಒಡೆಯಿಸುವೆನೆಂದು ಥ್ಯಾಕರೆ ಬೆದರಿಸಿದನು. ಕ್ಷಣಾರ್ಧದಲ್ಲಿ ಬಾಗಿಲು ತೆರೆದು ಕಿತ್ತೂರಿನ ಪಡೆ ಹೊರನುಗ್ಗಿತು. ಥ್ಯಾಕರೆಯೂ ಬ್ಲ್ಯಾಕ್, ಸೀವೆಲ್, ಡೈಟನ್ ಎಂಬ ಸೇನಾಧಿಕಾರಿಗಳೂ ಅಂದೇ ಹತರಾದರು. ಥ್ಯಾಕರೆಯನ್ನು ಗುಂಡಿಕ್ಕಿ ಕೆಡವಿದವನು ಅಮಟೂರ ಬಾಳಪ್ಪನೆಂದು ನಾಡಿನ ಜನ ಇಂದಿಗೂ ಹಾಡಿ ಹೊಗಳುತ್ತಾರೆ.

ಥ್ಯಾಕರೆಯ ಸಹಾಯಕರಾದ ಸ್ಟೀವನ್ಸನ್ ಮತ್ತು ವಾಲ್ಟರ್ ಎಲಿಯಟ್ ಸೆರೆಸಿಕ್ಕರು. ಇಂಥ ಹೊತ್ತಿನಲ್ಲಿ ಸೇಡು ತೀರಿಸಿಕೊಳ್ಳುವುದು ಸುಲಭವಾಗಿತ್ತು. ರಾಣಿ ಅದನ್ನು ಮಾಡಲಿಲ್ಲ. ಸುಮಾರು ಆರು ವಾರಗಳ ಕಾಲ ಅವರು ಸುರಕ್ಷಿತವಾಗಿ ಉಳಿದರು. ಡಿಸೆಂಬರ್ ಆರಂಭದಲ್ಲಿ ಸಂಧಾನದ ಭರವಸೆಯ ಮೇಲೆ ಬಿಡುಗಡೆಯಾದರು. ಆದರೂ ಯುದ್ಧ ತಪ್ಪಲಿಲ್ಲ. ಕಂಪನಿಯ ದೊಡ್ಡ ಸೇನೆ ಕೋಟೆಯನ್ನು ಮುತ್ತಿತು. ಆ ಮುತ್ತಿಗೆಯಲ್ಲಿ ಗಾಯಗೊಂಡು ಸತ್ತವನೇ ಸೊಲ್ಲಾಪುರದ ಸಬ್ ಕಲೆಕ್ಟರ್ ಮನ್ರೊ. ಆಗ ಮದ್ರಾಸಿನ ಗವರ್ನರನಾಗಿದ್ದ ಸರ್ ಥಾಮಸ್ ಮನ್ರೊನ ಬಂಧು. ಡಿಸೆಂಬರ್ 5ರ ಹೊತ್ತಿಗೆ ಕೋಟೆ ಬಿದ್ದಿತು. ರಾಣಿಯವರು ಬೈಲಹೊಂಗಲದಲ್ಲಿ ಸೆರೆಯಲ್ಲಿದ್ದು 1829ರ ಫೆಬ್ರವರಿ 2ರಂದು ಕಾಲವಾದರು. ಅವರ ಬಂಟ ಸಂಗೊಳ್ಳಿ ರಾಯಣ್ಣನನ್ನು 1831ರ ಜನವರಿಯಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಲಾಯಿತು.

ಮೂರು ಸಮಾಧಿಗಳು, ಒಂದೇ ನೆಲ

ಇಂದು ಬೈಲಹೊಂಗಲದಲ್ಲಿ ಚೆನ್ನಮ್ಮನವರ ಸಮಾಧಿಯಿದೆ. ನಂದಗಡದಲ್ಲಿ ರಾಯಣ್ಣನ ಸಮಾಧಿಯಿದೆ. ಧಾರವಾಡದಲ್ಲಿ ಥ್ಯಾಕರೆ ಮತ್ತು ಮನ್ರೊರ ಸಮಾಧಿಗಳಿವೆ. ಒಂದೇ ಕದನದ ಎರಡೂ ಪಕ್ಷಗಳವರು ಒಂದೇ ನೆಲದಲ್ಲಿ, ಹೆಚ್ಚು ದೂರವಲ್ಲದ ಊರುಗಳಲ್ಲಿ ಮಲಗಿದ್ದಾರೆ. ಮೊದಲೆರಡು ಸಮಾಧಿಗಳಿಗೆ ಜನರ ಭಕ್ತಿಯೇ ಕಾವಲು. 2007ರ ಸೆಪ್ಟೆಂಬರಿನಲ್ಲಿ ದೆಹಲಿಯ ಸಂಸತ್ ಭವನದ ಆವರಣದಲ್ಲಿ ಚೆನ್ನಮ್ಮನವರ ಪ್ರತಿಮೆ ಅನಾವರಣಗೊಂಡಿತು. 2024ರಲ್ಲಿ ಕಿತ್ತೂರಿನ ವಿಜಯಕ್ಕೆ ಇನ್ನೂರು ವರ್ಷ ತುಂಬಿತು. ಮೂರನೆಯ ಸಮಾಧಿಗೆ ಹೂವು ತರುವವರಿಲ್ಲ, ಜಾತ್ರೆಯಿಲ್ಲ, ಜಯಕಾರವಿಲ್ಲ. ಅದಕ್ಕೆ ಕಾವಲಾಗಿರುವುದು ದೇಶದ ಕಾನೂನು ಮಾತ್ರ.

ಆ ಕಾನೂನಿನ ಹೆಸರು ಪ್ರಾಚೀನ ಸ್ಮಾರಕಗಳು ಮತ್ತು ಪುರಾತತ್ತ್ವ ಸ್ಥಳಗಳು ಹಾಗೂ ಅವಶೇಷಗಳ ಅಧಿನಿಯಮ, 1958. ಸಂರಕ್ಷಿತ ಸ್ಮಾರಕವನ್ನು ಕೆಡಿಸುವುದು, ಕೀಳುವುದು, ಅದರ ಮೇಲೆ ಹೆಸರು ಕೆತ್ತುವುದು ದಂಡನಾರ್ಹ ಅಪರಾಧ. 2010ರ ತಿದ್ದುಪಡಿಯಂತೆ ಸ್ಮಾರಕದ ಎಲ್ಲೆಯಿಂದ 100 ಮೀಟರುಗಳವರೆಗೆ ಹೊಸ ಕಟ್ಟಡಕ್ಕೆ ನಿಷೇಧವಿದೆ; ಅಲ್ಲಿಂದಾಚೆಗೆ 200 ಮೀಟರುಗಳವರೆಗೆ ಅನುಮತಿಯಿಲ್ಲದೆ ಕಟ್ಟುವಂತಿಲ್ಲ. ಸ್ಮಾರಕಕ್ಕೆ ಹಾನಿ ಮಾಡಿದವರಿಗೆ ಎರಡು ವರ್ಷಗಳವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿಗಳವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದು. ಈ ಭಾಗದ ಸ್ಮಾರಕಗಳನ್ನು ನೋಡಿಕೊಳ್ಳುವ ಇಲಾಖೆಯ ವಲಯ ಕಚೇರಿಯೂ ಧಾರವಾಡದಲ್ಲೇ ಇದೆ.

ಪರಕೀಯರ ಗುರುತುಗಳನ್ನು ಏಕೆ ಉಳಿಸಬೇಕು ಎಂಬ ಪ್ರಶ್ನೆ ಆಗಾಗ ಕೇಳಿಬರುವುದುಂಟು. ಪ್ರಶ್ನೆ ಸಹಜವಾದುದೇ. ಥ್ಯಾಕರೆ ಈ ನಾಡಿಗೆ ಉಪಕಾರ ಮಾಡಲು ಬಂದವನಲ್ಲ. ಒಬ್ಬ ವಿಧವೆಯ ಮನೆಯ ಖಜಾನೆಗೆ ಮುದ್ರೆ ಹಾಕಿದವನು ಅವನು. ಅವನ ಸಮಾಧಿಯನ್ನು ಉಳಿಸಿದರೆ ಅವನ ಕೃತ್ಯವನ್ನು ಮೆಚ್ಚಿದಂತಾಗುವುದಿಲ್ಲವೇ? ಆಗುವುದಿಲ್ಲ. ಚೆನ್ನಮ್ಮನವರ ಗೆಲುವಿಗೆ ಥ್ಯಾಕರೆಯ ಸಮಾಧಿಯೇ ಕಲ್ಲಿನ ಸಾಕ್ಷಿ. ಬಲಿಷ್ಠ ಕಂಪನಿಯ ಕಲೆಕ್ಟರನೊಬ್ಬ ಒಂದು ಪುಟ್ಟ ಸಂಸ್ಥಾನದ ಬಾಗಿಲಲ್ಲಿ ಬಿದ್ದನೆಂಬುದನ್ನು ಅವನ ಕಡೆಯವರೇ ನಿಲ್ಲಿಸಿದ ಕಲ್ಲು ಒಪ್ಪಿಕೊಳ್ಳುತ್ತದೆ. ಆ ಕಲ್ಲನ್ನು ಕಿತ್ತರೆ ನಮ್ಮದೇ ಚರಿತ್ರೆಯ ಒಂದು ಪುಟ ಹರಿದುಹೋಗುತ್ತದೆ.

ಇದು ಚರಿತ್ರೆಯ ಮಾತು. ಇದಕ್ಕಿಂತ ಆಳದ ಮಾತೊಂದುಂಟು. ಅದು ವಿಶ್ವಾಸಕ್ಕೆ ಸಂಬಂಧಿಸಿದ್ದು. ಅದಕ್ಕೆ ಬರುವ ಮುನ್ನ ಕಲ್ಲುಗಳ ಬಗೆಗೆ ಇನ್ನೊಂದು ಸಂಗತಿಯನ್ನು ಹೇಳಬೇಕು.

ಸೆರೆಯಾಳು ಓದಿದ ಕಲ್ಲುಗಳು

ಕಿತ್ತೂರಿನಲ್ಲಿ ಸೆರೆಯಾಗಿದ್ದು ಜೀವಸಹಿತ ಹೊರಬಂದ ವಾಲ್ಟರ್ ಎಲಿಯಟ್ ಆಗ ಇಪ್ಪತ್ತೊಂದರ ಆಸುಪಾಸಿನ ತರುಣ. ಮೇಲಧಿಕಾರಿಯ ಹತ್ಯೆಯನ್ನು ಕಂಡ ಆ ತರುಣ ಈ ನಾಡನ್ನು ದ್ವೇಷಿಸಿ ಹಡಗು ಹತ್ತಬಹುದಾಗಿತ್ತು. ಹಾಗಾಗಲಿಲ್ಲ. 1833ರವರೆಗೂ ಅವನು ಇದೇ ಸೀಮೆಯಲ್ಲಿ ಉಳಿದು, ಊರೂರಿನ ಗುಡಿ, ಬಸದಿ, ಕೆರೆಯ ದಂಡೆಗಳಲ್ಲಿ ನಿಂತಿದ್ದ ಕನ್ನಡ ಶಾಸನಗಳ ಪ್ರತಿ ಮಾಡಿಸಿದನು. ಐನೂರಕ್ಕೂ ಮಿಕ್ಕಿದ ಆ ಸಂಗ್ರಹದ ಆಧಾರದ ಮೇಲೆ 1837ರಲ್ಲಿ ಅವನು ಬರೆದ ಪ್ರಬಂಧದಿಂದ ಚಾಲುಕ್ಯರು ಮೊದಲಾದ ನಮ್ಮ ರಾಜವಂಶಗಳ ಕಾಲಾನುಕ್ರಮ ವಿದ್ವಜ್ಜಗತ್ತಿಗೆ ತಿಳಿದುಬಂತು. ರಾಣಿಯ ಕರುಣೆಯಿಂದ ಉಳಿದ ಜೀವವೊಂದು ಕನ್ನಡದ ಕಲ್ಲುಗಳಿಗೆ ಬಾಯಿ ಬರಿಸಿತು. ವೈರಿಯನ್ನು ಕೊಲ್ಲದೆ ಬಿಟ್ಟದ್ದರ ಫಲ ಎಲ್ಲಿ, ಯಾವ ರೂಪದಲ್ಲಿ ಮೊಳೆಯುತ್ತದೆ ಎಂಬುದನ್ನು ಮನುಷ್ಯರು ಮುಂಚಿತವಾಗಿ ಅರಿಯಲಾರರು.

ಹಾಗೆ ನೋಡಿದರೆ ಸತ್ತವರಿಗಾಗಿ ಕಲ್ಲು ನಿಲ್ಲಿಸುವುದನ್ನು ನಮ್ಮ ನಾಡಿಗೆ ಪರದೇಶದವರು ಕಲಿಸಬೇಕಾಗಿರಲಿಲ್ಲ. ದನಗಳನ್ನು ಕಾಯುತ್ತ, ಊರನ್ನು ಉಳಿಸುತ್ತ ಮಡಿದವನಿಗೆ ವೀರಗಲ್ಲು. ಸಲ್ಲೇಖನ ವ್ರತದಿಂದ ದೇಹಬಿಟ್ಟ ಜೈನ ಸಾಧಕರಿಗೆ ನಿಷಿಧಿಗಲ್ಲು. ಪತಿಯೊಡನೆ ಸತ್ತ ಸ್ತ್ರೀಗೆ ಮಾಸ್ತಿಗಲ್ಲು. ವೀರಗಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ, ನಡುವೆ ವೀರನನ್ನು ಮೇಲಕ್ಕೆ ಕರೆದೊಯ್ಯುವ ಅಪ್ಸರೆಯರು, ಮೇಲೆ ದೇವಸಾನ್ನಿಧ್ಯ. ಕೆಳಗಿನಿಂದ ಮೇಲಕ್ಕೆ ಓದಬೇಕಾದ ಕಲ್ಲು ಅದು. ಸಾವು ಕೊನೆಯಲ್ಲ, ಅದರ ಮೇಲೊಂದು ಪಟ್ಟಿಕೆಯಿದೆ ಎಂಬ ನಿರೀಕ್ಷೆ ನಮ್ಮ ಹಿರಿಯರ ಮನಸ್ಸಿನಲ್ಲಿ ಆಳವಾಗಿ ಬೇರೂರಿತ್ತು. ಪುನರುತ್ಥಾನದ ಶುಭವಾರ್ತೆಯನ್ನು ಕೇಳಿದಾಗ ಅವರ ಹೃದಯ ಅದಕ್ಕೆ ಸ್ಪಂದಿಸಿದ್ದರೆ ಆಶ್ಚರ್ಯವೇನಿದೆ?

ಹೆನ್ಬರಿಯ ದಾಸನ ಸಮಾಧಿ

ಈಗ ಇಂಗ್ಲೆಂಡಿನ ಕಲ್ಲಿಗೆ ಬರೋಣ. ಅಲ್ಲಿನ ಹಳ್ಳಿಗಳಲ್ಲಿ ದೇವಾಲಯವೂ ಸಮಾಧಿಭೂಮಿಯೂ ಒಂದೇ ಆವರಣದಲ್ಲಿರುವುದು ರೂಢಿ. ಭಾನುವಾರದ ಪೂಜೆಗೆ ಬರುವವರು ಅಜ್ಜ-ಮುತ್ತಜ್ಜರ ಸಮಾಧಿಗಳ ನಡುವೆಯೇ ಹಾದು ಒಳಗೆ ಹೋಗಬೇಕು. ಆ ದೇಶದಲ್ಲಿ 1940ರ ದಶಕದಿಂದ ಮಹತ್ತ್ವದ ಕಟ್ಟಡಗಳ ಅಧಿಕೃತ ಪಟ್ಟಿಯೊಂದನ್ನು ಸಿದ್ಧಪಡಿಸುತ್ತ ಬಂದಿದ್ದಾರೆ. ಅರಮನೆ, ಸೇತುವೆ, ದೇವಾಲಯಗಳಂತೆಯೇ ಬಿಡಿ ಸಮಾಧಿಶಿಲೆಗಳಿಗೂ ಆ ಪಟ್ಟಿಯಲ್ಲಿ ಸ್ಥಾನವುಂಟು. ಪಟ್ಟಿಗೆ ಸೇರಿದ ಕಲ್ಲನ್ನು ಅನುಮತಿಯಿಲ್ಲದೆ ಅಲುಗಿಸುವಂತಿಲ್ಲ.

ಬ್ರಿಸ್ಟಲ್ ನಗರದ ಅಂಚಿನ ಹೆನ್ಬರಿ ಎಂಬಲ್ಲಿ ಸಂತ ಮರಿಯಮ್ಮನವರ ಹೆಸರಿನ ಪುರಾತನ ದೇವಾಲಯವಿದೆ. ಇಂದು ಅದು ಆಂಗ್ಲಿಕನ್ ಸಭೆಯದು. ಅದರ ಅಂಗಳದಲ್ಲಿ 1720ರ ಡಿಸೆಂಬರ್ 21ರಂದು ತೀರಿಕೊಂಡ ಹದಿನೆಂಟು ವರ್ಷದ ಆಫ್ರಿಕನ್ ತರುಣನೊಬ್ಬನ ಸಮಾಧಿಯಿದೆ. ಸಫೋಕ್‌ನ ಅರ್ಲ್ ಪದವಿಯ ಶ್ರೀಮಂತನ ಮನೆಯಲ್ಲಿ ಅವನು ಸೇವಕ. ತಂದೆತಾಯಿಗಳು ಇಟ್ಟ ಹೆಸರು ಯಾವುದೋ. ಯಜಮಾನರು ರೋಮಿನ ಸೇನಾಪತಿಯ ಹೆಸರನ್ನು ಹೊರಿಸಿ ಸಿಪಿಯೊ ಆಫ್ರಿಕಾನಸ್ ಎಂದು ಕರೆದರು. ತಲೆಯ ಕಡೆಗೊಂದು, ಕಾಲಿನ ಕಡೆಗೊಂದು ಬಣ್ಣ ಬಳಿದ ಕಲ್ಲುಗಳು. ಮೇಲೆ ಕಪ್ಪು ಮುಖದ ದೇವದೂತ ಶಿಶುಗಳ ಕೆತ್ತನೆ. ದಾಸನಾಗಿ ಹುಟ್ಟಿದವನು ಈಗ ಕ್ರೈಸ್ತನಾಗಿ ನಿದ್ರಿಸುತ್ತಿದ್ದಾನೆ ಎಂಬ ಭಾವದ ಪದ್ಯವನ್ನು ಅದರ ಮೇಲೆ ಬರೆಸಲಾಗಿದೆ.

ಬ್ರಿಸ್ಟಲ್ ಬಂದರು ಆ ಕಾಲದಲ್ಲಿ ಗುಲಾಮರ ವ್ಯಾಪಾರದಿಂದ ಕೊಬ್ಬಿದ ಊರು. ಹಡಗಿನ ತಳದಲ್ಲಿ ಕಟ್ಟಿಹಾಕಿ ಸಾಗಿಸಿದ ಲಕ್ಷಾಂತರ ಜನರಿಗೆ ಸಮಾಧಿಯೂ ಇಲ್ಲ, ಹೆಸರೂ ಇಲ್ಲ. ಅವರೆಲ್ಲರ ಪರವಾಗಿ ಉಳಿದ ಬೆರಳೆಣಿಕೆಯ ಕಲ್ಲುಗಳಲ್ಲಿ ಇದೊಂದು. ಆದುದರಿಂದಲೇ ಪಟ್ಟಿಯಲ್ಲಿ ಅದಕ್ಕೆ ಮೇಲಿನ ದರ್ಜೆಯ ರಕ್ಷಣೆ. 2020ರ ಜೂನ್ 7ರಂದು ಬ್ರಿಸ್ಟಲ್‌ನಲ್ಲಿ ಜನರ ಗುಂಪೊಂದು ಗುಲಾಮ ವ್ಯಾಪಾರಿ ಎಡ್ವರ್ಡ್ ಕೋಲ್ಸ್ಟನ್‌ನ ಪ್ರತಿಮೆಯನ್ನು ಉರುಳಿಸಿತು. ಕೆಲವೇ ದಿನಗಳಲ್ಲಿ, ಅದಕ್ಕೆ ಪ್ರತೀಕಾರವೆಂಬಂತೆ, ಯಾರೋ ಈ ಬಡ ಸೇವಕನ ಸಮಾಧಿಶಿಲೆಯನ್ನು ಒಡೆದರು. ಮುನ್ನೂರು ವರ್ಷ ಯಾರಿಗೂ ಕೇಡು ಬಯಸದೆ ಮಲಗಿದ್ದವನ ಮೇಲೆ ಇಂದಿನವರ ಕೋಪ ತಿರುಗಿತು. ಅದರ ದುರಸ್ತಿಗಾಗಿ ಜನಸಾಮಾನ್ಯರು ಹಣ ಕೂಡಿಸಿದರೆಂಬುದು ಸಮಾಧಾನದ ಮಾತು.

ಇವೆರಡನ್ನು ಅಕ್ಕಪಕ್ಕ ಇಟ್ಟು ನೋಡಿರಿ. ಧಾರವಾಡದಲ್ಲಿ ಮಲಗಿದವನು ಪರನಾಡಿಗೆ ಆಳಲು ಬಂದವನು. ಹೆನ್ಬರಿಯಲ್ಲಿ ಮಲಗಿದವನು ಪರನಾಡಿನಲ್ಲಿ ಆಳಾಗಿ ದುಡಿದವನು. ಒಬ್ಬನ ಕೈಯಲ್ಲಿ ಅಧಿಕಾರವಿತ್ತು. ಇನ್ನೊಬ್ಬನಿಗೆ ತನ್ನ ಹೆಸರೂ ತನ್ನದಾಗಿರಲಿಲ್ಲ. ಇಬ್ಬರನ್ನೂ ಇಂದು ಕಾಯುತ್ತಿರುವುದು ಅವರು ಹುಟ್ಟಿದ ನೆಲವಲ್ಲ, ಸತ್ತ ನೆಲ. ಸತ್ತವನು ತನ್ನ ಸಮಾಧಿಯನ್ನು ತಾನೇ ಕಾಯಲಾರ. ಅದನ್ನು ಕಾಯುವವರು ಯಾವಾಗಲೂ ಬೇರೆಯವರೇ. ಕೆಲವೊಮ್ಮೆ ಅಪರಿಚಿತರು, ಕೆಲವೊಮ್ಮೆ ಅವನಿಂದ ನೊಂದವರ ಮಕ್ಕಳು.

ಪವಿತ್ರ ಗ್ರಂಥದ ಸಮಾಧಿಗಳು

ಪವಿತ್ರ ಬೈಬಲಿನಲ್ಲಿ ಪರದೇಶಿಯ ಸಮಾಧಿ ಎಂಬುದು ಮತ್ತೆ ಮತ್ತೆ ಬರುವ ವಿಷಯ. ವಾಗ್ದತ್ತ ನಾಡಿನಲ್ಲಿ ಅಬ್ರಹಾಮನು ಮೊಟ್ಟಮೊದಲು ಹಣ ಕೊಟ್ಟು ಕೊಂಡದ್ದು ಮಡದಿ ಸಾರಳಿಗಾಗಿ ಸಮಾಧಿಯ ಗುಹೆಯನ್ನು. ತಾನು ಪರದೇಶಿ, ಪ್ರವಾಸಿ ಎಂದು ಹೇಳಿಕೊಂಡು ಊರವರ ಮುಂದೆ ಬಾಗಿ, ನಾನೂರು ಶೆಕೆಲ್ ಬೆಳ್ಳಿಯನ್ನು ತೂಗಿಕೊಟ್ಟು ಮಕ್ಪೇಲದ ಗುಹೆಯನ್ನು ಪಡೆದನೆಂದು ಆದಿಕಾಂಡದ 23ನೆಯ ಅಧ್ಯಾಯ ತಿಳಿಸುತ್ತದೆ. ಅದೇ ಗ್ರಂಥದ 35ನೆಯ ಅಧ್ಯಾಯದಲ್ಲಿ, ಪ್ರಯಾಣದ ದಾರಿಯಲ್ಲಿ ಹೆರಿಗೆಯ ವೇಳೆ ಸತ್ತ ರಾಹೇಲಳ ಸಮಾಧಿಯ ಮೇಲೆ ಯಕೋಬನು ಒಂದು ಕಲ್ಲುಕಂಬ ನಿಲ್ಲಿಸುತ್ತಾನೆ. ಹೆಂಡತಿಯನ್ನು ದಾರಿಯಲ್ಲಿ ಮಣ್ಣುಮಾಡಿ ಮುಂದಕ್ಕೆ ನಡೆಯಲೇಬೇಕಾದ ಗಂಡ ಮಾಡಬಲ್ಲದ್ದು ಅಷ್ಟೇ.

ತೊಬೀತನ ಕಥೆ ಇನ್ನೂ ಹೃದಯಸ್ಪರ್ಶಿ. ಸೆರೆಯ ನಾಡಾದ ನಿನೆವೆಯಲ್ಲಿ ಬೀದಿಯಲ್ಲಿ ಬಿದ್ದ ಸ್ವಜನರ ಶವಗಳನ್ನು ಅವನು ಅರಸನ ಕೋಪಕ್ಕೂ ಅಂಜದೆ ಮಣ್ಣುಮಾಡುತ್ತಾನೆ. ಹಬ್ಬದ ಊಟದ ತಟ್ಟೆಯನ್ನು ಬಿಟ್ಟೆದ್ದು ಶವವನ್ನು ಹೊತ್ತು ತರುತ್ತಾನೆ. ನೆರೆಯವರು ನಗುತ್ತಾರೆ, ಅವನು ಬಿಡುವುದಿಲ್ಲ. ಹೊಸ ಒಡಂಬಡಿಕೆಯಲ್ಲಿ ಅರಿಮತಾಯದ ಜೋಸೇಫನು ತನಗಾಗಿ ಕೊರೆಸಿದ್ದ ಹೊಸ ಸಮಾಧಿಯನ್ನು ಶಿಲುಬೆಗೇರಿದ ಪ್ರಭುವಿಗೆ ಬಿಟ್ಟುಕೊಡುತ್ತಾನೆ. ನಮ್ಮ ಪ್ರಭು ಕೂಡ ಬೇರೆಯವರ ಸಮಾಧಿಯಲ್ಲಿ ಮೂರು ದಿನ ಮಲಗಿದವರು. ಇನ್ನೊಂದು ಸಂಗತಿ ನಮ್ಮ ಗಮನಕ್ಕೆ ಬಾರದೆ ಹೋಗುವುದುಂಟು: ಯೂದನು ಹಿಂದಿರುಗಿಸಿದ ಮೂವತ್ತು ಬೆಳ್ಳಿ ನಾಣ್ಯಗಳಿಂದ ಯಾಜಕರು ಕುಂಬಾರನ ಹೊಲವನ್ನು ಕೊಂಡದ್ದು ಪರದೇಶಿಗಳನ್ನು ಹೂಳುವುದಕ್ಕಾಗಿ ಎಂದು ಸಂತ ಮತ್ತಾಯನು ಬರೆಯುತ್ತಾನೆ. ಪ್ರಭುವನ್ನು ಮಾರಿದ ಬೆಲೆಯೂ ಕಡೆಗೆ ದಿಕ್ಕಿಲ್ಲದವರ ಸಮಾಧಿಗೆ ಒದಗಿತು.

ಆದುದರಿಂದಲೇ ಮೃತರನ್ನು ಸಮಾಧಿ ಮಾಡುವುದು ಧರ್ಮಸಭೆ ಎಣಿಸುವ ಏಳು ದೈಹಿಕ ದಯಾಕಾರ್ಯಗಳಲ್ಲಿ ಒಂದು. ಹಸಿದವರಿಗೆ ಅನ್ನ, ಬಾಯಾರಿದವರಿಗೆ ನೀರು ಕೊಡುವ ಸಾಲಿನಲ್ಲೇ ಇದೂ ನಿಲ್ಲುತ್ತದೆ. ಅನ್ನ ಉಂಡವನು ನಾಳೆ ಪ್ರತ್ಯುಪಕಾರ ಮಾಡಬಹುದು, ಸತ್ತವನು ಮಾಡಲಾರ. ಇಲ್ಲಿ ಪ್ರತಿಫಲದ ಮಾತೇ ಇಲ್ಲ. ಹಗೆಗಳನ್ನು ಪ್ರೀತಿಸಿರಿ ಎಂಬ ಪ್ರಭುವಿನ ಆಜ್ಞೆ ಬದುಕಿರುವ ಹಗೆಯ ವಿಷಯದಲ್ಲಿ ನಮಗೆ ಕಷ್ಟಸಾಧ್ಯ. ಸತ್ತ ಹಗೆಯ ಸಮಾಧಿಗೆ ಗೌರವ ತೋರುವುದು ಆ ಪಾಠದ ಮೊದಲ ಅಕ್ಷರವಾದೀತು.

ಮೃತರ ಸ್ಮರಣೆಯ ದಿನದ ಇತಿಹಾಸವೂ ಇದನ್ನೇ ಸಾರುತ್ತದೆ. ಫ್ರಾನ್ಸ್ ದೇಶದ ಕ್ಲೂನಿ ಮಠದ ಮಠಾಧಿಪತಿ ಸಂತ ಓದಿಲೋ ಹತ್ತನೆಯ ಶತಮಾನದ ಕೊನೆಯಲ್ಲಿ ತಮ್ಮ ಮಠಗಳಲ್ಲಿ ನವೆಂಬರ್ 2ನ್ನು ಸಕಲ ಮೃತರಿಗಾಗಿ ಮೀಸಲಿಟ್ಟರು. ಅದು ಕ್ರಮೇಣ ಇಡೀ ಧರ್ಮಸಭೆಯ ಆಚರಣೆಯಾಯಿತು. ಮೊದಲನೆಯ ಮಹಾಯುದ್ಧದಲ್ಲಿ ಯೂರೋಪಿನ ಬಯಲುಗಳು ಹೆಣಗಳಿಂದ ತುಂಬಿದಾಗ, 1915ರಲ್ಲಿ ಹದಿನೈದನೆಯ ಬೆನೆಡಿಕ್ಟ್ ಜಗದ್ಗುರುಗಳು ಆ ದಿನ ಪ್ರತಿಯೊಬ್ಬ ಗುರುವೂ ಮೂರು ಬಲಿಪೂಜೆಗಳನ್ನು ಅರ್ಪಿಸಲು ಅನುಮತಿಯಿತ್ತರು. ಅದರಲ್ಲೊಂದು ಸಕಲ ಮೃತ ವಿಶ್ವಾಸಿಗಳಿಗಾಗಿ. ಪರಸ್ಪರ ಗುಂಡಿಕ್ಕಿ ಸತ್ತ ಎರಡೂ ಪಕ್ಷದ ಸೈನಿಕರು ಆ ಒಂದೇ ಪೂಜೆಯಲ್ಲಿ ಸೇರಿದರು.

ನಮ್ಮ ಸಮಾಧಿಭೂಮಿಗಳತ್ತ

ಇಷ್ಟೆಲ್ಲ ಹೇಳಿದ್ದು ನಮ್ಮ ಮನೆಯಂಗಳಕ್ಕೆ ಬರುವ ಸಲುವಾಗಿ. 1953ರಲ್ಲಿ ಸ್ಥಾಪನೆಯಾದ ಬೆಳಗಾವಿ ಧರ್ಮಪ್ರಾಂತ್ಯದ ಈ ಬಡಗಣ ಅಂಚಿನಲ್ಲಿ ಕಥೋಲಿಕರು ಚದುರಿದ ಚಿಕ್ಕ ಸಮುದಾಯ. ನಮ್ಮಲ್ಲಿ ಅನೇಕರು ನೌಕರಿಗಾಗಿ, ಸೇವೆಗಾಗಿ ಬೇರೆ ಊರುಗಳಿಂದ ಬಂದು ನೆಲೆಸಿದವರು. ಕೆಲವರ ಹಿರಿಯರ ಸಮಾಧಿಗಳು ನೂರಾರು ಮೈಲಿ ದೂರದಲ್ಲಿವೆ. ವರ್ಷಕ್ಕೊಮ್ಮೆ ಹೋಗುವುದೂ ಆಗುವುದಿಲ್ಲ. ನಮ್ಮ ಮಕ್ಕಳು ಪುಣೆ, ಬೆಂಗಳೂರು, ಕೊಲ್ಲಿ ದೇಶಗಳಿಗೆ ಹೋದ ಮೇಲೆ ಇಲ್ಲಿನ ನಮ್ಮ ಸಮಾಧಿಗಳ ಗತಿಯೂ ಅದೇ. ಪರನಾಡಿನ ಸಮಾಧಿಯನ್ನು ಯಾರು ಕಾಯಬೇಕು ಎಂಬ ಪ್ರಶ್ನೆ ಹೀಗೆ ನಮ್ಮದೂ ಆಗುತ್ತದೆ. ಅದಕ್ಕೆ ಉತ್ತರವೂ ಒಂದೇ: ಹತ್ತಿರವಿರುವವರು ಕಾಯಬೇಕು. ನಮ್ಮವರ ಸಮಾಧಿಯನ್ನು ಅಲ್ಲಿಯವರು ನೋಡಿಕೊಳ್ಳಲೆಂದು ಬಯಸುವ ನಾವು ಇಲ್ಲಿ ಮಲಗಿದ ಅಪರಿಚಿತರ ಸಮಾಧಿಯ ಕಳೆಯನ್ನು ಕೀಳಬೇಕು.

ಎಲ್ಲ ಸಮಾಧಿಗಳೂ ರಾಷ್ಟ್ರೀಯ ಸ್ಮಾರಕಗಳಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಜಾಗ ಕಡಿಮೆಯಿರುವ ಸಮಾಧಿಭೂಮಿಗಳಲ್ಲಿ ಹಳೆಯ ಸಮಾಧಿಯನ್ನೇ ಮತ್ತೆ ಬಳಸಬೇಕಾಗುವ ಅನಿವಾರ್ಯತೆಯೂ ಉಂಟು, ಅದು ತಪ್ಪಲ್ಲ. ಆದರೆ ಹೆಸರು ಅಳಿಯಬಾರದು. ಅದಕ್ಕಾಗಿಯೇ ಧರ್ಮಸಭೆಯ ಶಾಸನ ಸಂಹಿತೆಯ 1182ನೆಯ ನಿಯಮವು, ಸಮಾಧಿ ಸಂಸ್ಕಾರವಾದ ಬಳಿಕ ಮೃತರ ದಾಖಲೆ ಪುಸ್ತಕದಲ್ಲಿ ಅದನ್ನು ಬರೆದಿಡಬೇಕೆಂದು ವಿಧಿಸುತ್ತದೆ. ಕಲ್ಲು ನಿಲ್ಲಿಸಲು ಶಕ್ತಿಯಿಲ್ಲದ ಬಡವನಿಗೂ ಆ ಪುಸ್ತಕದಲ್ಲಿ ಒಂದು ಸಾಲು ಉಂಟು. ಶ್ರೀಮಂತನಿಗೂ ಒಂದೇ ಸಾಲು. ಮನೆಯಲ್ಲಿ ಸಾವು ಸಂಭವಿಸಿದಾಗ ಹೆಸರು, ವಯಸ್ಸು, ದಿನಾಂಕಗಳು ಆ ಪುಸ್ತಕದಲ್ಲಿ ಸರಿಯಾಗಿ ದಾಖಲಾಗಿವೆಯ ಎಂದು ಗುರುಗಳನ್ನು ಕೇಳಿ ಖಚಿತಪಡಿಸಿಕೊಳ್ಳುವುದು ಕುಟುಂಬದವರ ಕರ್ತವ್ಯ.

ಲಂಡನ್ನಿನಲ್ಲಿ 1976ರಲ್ಲಿ ದಕ್ಷಿಣ ಏಷ್ಯದ ಸಮಾಧಿಭೂಮಿಗಳಿಗಾಗಿ ಸಂಘವೊಂದು ಸ್ಥಾಪನೆಯಾಯಿತು. ನಮ್ಮ ದೇಶದಲ್ಲಿ ಚದುರಿಹೋಗಿರುವ ಯೂರೋಪಿಯನ್ ಸಮಾಧಿಗಳ ಬರಹಗಳನ್ನು ಅದರ ಸದಸ್ಯರು ಊರೂರು ತಿರುಗಿ ಬರೆದುಕೊಂಡು ಪಟ್ಟಿ ಮಾಡಿದ್ದಾರೆ. ಎಲ್ಲವನ್ನೂ ದುರಸ್ತಿ ಮಾಡುವುದು ಅಸಾಧ್ಯವೆಂದು ತಿಳಿದು, ಓದಲು ಬರುವಾಗಲೇ ಓದಿ ಬರೆದಿಡುವ ಉಪಾಯ ಅದು. ನಮ್ಮ ಯುವಜನರು ಒಂದು ಭಾನುವಾರದ ಮಧ್ಯಾಹ್ನ ಇದನ್ನು ಮಾಡಬಾರದೇಕೆ? ಒಂದು ನೋಟುಬುಕ್ಕು, ಒಂದು ಮೊಬೈಲ್ ಫೋನು ಸಾಕು. ಸಾಲುಸಾಲಾಗಿ ನಡೆದು ಹೆಸರು, ದಿನಾಂಕ ಬರೆದುಕೊಂಡು, ಛಾಯಾಚಿತ್ರ ತೆಗೆದು, ಹೆಸರಿಲ್ಲದ ಸಮಾಧಿಗಳ ಬಗ್ಗೆ ಊರಿನ ಹಿರಿಯರನ್ನು ವಿಚಾರಿಸಿ, ಒಂದು ಪ್ರತಿಯನ್ನು ಧರ್ಮಕೇಂದ್ರಕ್ಕೆ ಒಪ್ಪಿಸಬೇಕು. ಹಿರಿಯರು ಬದುಕಿರುವಾಗಲೇ ಆಗಬೇಕಾದ ಕೆಲಸವಿದು.

ಕಲ್ಲುಗಳ ಆರೈಕೆಯ ಬಗ್ಗೆಯೂ ಎರಡು ಮಾತು ಅಗತ್ಯ. ನಮ್ಮ ಕಡೆಯ ಕರಿಕಲ್ಲು ಗಟ್ಟಿ. ಆದರೆ ಅದರ ಮೇಲಿನ ಅಕ್ಷರಗಳು ಆಳವಿಲ್ಲದಿದ್ದರೆ ಬೇಗ ಸವೆಯುತ್ತವೆ. ನವೆಂಬರಿನ ಸಡಗರದಲ್ಲಿ ಆಸಿಡ್ ಸುರಿದು, ತಂತಿಯ ಬ್ರಶ್ಶಿನಿಂದ ಉಜ್ಜುವವರಿದ್ದಾರೆ. ಇದರಿಂದ ಕೊಳೆಯೊಂದಿಗೆ ಅಕ್ಷರವೂ ಹೋಗುತ್ತದೆ. ಶುದ್ಧ ನೀರು, ಮೃದುವಾದ ಬ್ರಶ್ಶು, ತಾಳ್ಮೆ ಇಷ್ಟು ಸಾಕು. ಹಳೆಯ ಗಾರೆಯ ಸಮಾಧಿ ಬಿರುಕು ಬಿಟ್ಟಾಗ ಅದರ ಮೇಲೆ ಸಿಮೆಂಟು ಮೆತ್ತಿದರೆ ಒಳಗಿನ ತೇವ ಹೊರಬರಲಾಗದೆ ಕಲ್ಲು ಇನ್ನಷ್ಟು ಕೆಡುತ್ತದೆ. ಸುಣ್ಣದ ಗಾರೆಯೇ ಅದಕ್ಕೆ ತಕ್ಕುದು. ಉರಿಯುವ ಮೇಣದ ಬತ್ತಿಯನ್ನು ಅಕ್ಷರಗಳ ಮೇಲೆ ನಿಲ್ಲಿಸದೆ ಬದಿಯಲ್ಲಿ ಹಣತೆಯೊಳಗೆ ಇಡಬೇಕು. ಹೊಸದಾಗಿ ಕಲ್ಲು ಹಾಕಿಸುವವರು ದುಬಾರಿ ಕಟ್ಟೆ, ಕಂಬ, ಹೊಳೆಯುವ ಹಾಸುಗಲ್ಲಿಗೆ ಸಾಲ ಮಾಡಬೇಕಾಗಿಲ್ಲ. ಶಿಲುಬೆಯ ಗುರುತು, ಪೂರ್ಣ ಹೆಸರು, ಹುಟ್ಟಿದ ಮತ್ತು ಮರಣಿಸಿದ ದಿನಾಂಕ ಆಳವಾಗಿ ಕೆತ್ತಿದ್ದರೆ ಸಾಕು, ಮೊಮ್ಮಕ್ಕಳು ಓದಿಯಾರು.

ಪ್ರಾರ್ಥನೆಯೇ ದೊಡ್ಡ ಶಿಲೆ

ಕಲ್ಲು ಎಷ್ಟೇ ಗಟ್ಟಿಯಾದರೂ ಒಂದು ದಿನ ಸವೆಯುತ್ತದೆ. ಕಾನೂನಿನ ಕಾವಲಿಗೂ ಮಿತಿಯುಂಟು. ಧರ್ಮಸಭೆಯ ನೆನಪಿಗೆ ಆ ಮಿತಿಯಿಲ್ಲ. ದಿನನಿತ್ಯದ ಪ್ರತಿಯೊಂದು ಬಲಿಪೂಜೆಯಲ್ಲಿಯೂ ಮೃತರ ಸ್ಮರಣೆಯಿದೆ. ನವೆಂಬರ್ 1ರಿಂದ 8ರವರೆಗೆ ಭಕ್ತಿಯಿಂದ ಸಮಾಧಿಭೂಮಿಯನ್ನು ಸಂದರ್ಶಿಸಿ ಮೃತರಿಗಾಗಿ ಪ್ರಾರ್ಥಿಸುವ ವಿಶ್ವಾಸಿಗಳು, ಪಾಪನಿವೇದನೆ, ಪರಮಪ್ರಸಾದ ಸ್ವೀಕಾರ ಮತ್ತು ಜಗದ್ಗುರುಗಳ ಉದ್ದೇಶಗಳಿಗಾಗಿ ಪ್ರಾರ್ಥನೆ ಎಂಬ ಷರತ್ತುಗಳಿಗೆ ಒಳಪಟ್ಟು, ಶುದ್ಧೀಕರಣ ಸ್ಥಳದ ಆತ್ಮಗಳಿಗಾಗಿ ಪೂರ್ಣ ಪಾಪದಂಡ ವಿಮೋಚನೆಯನ್ನು ಪಡೆಯಬಹುದು. 2020ರಲ್ಲಿ ಕೊರೋನಾ ಪಿಡುಗು ಹಬ್ಬಿ, ಎಷ್ಟೋ ಮಂದಿ ತಮ್ಮವರ ಶವದ ಮುಖವನ್ನೂ ಕಾಣಲಾಗದೆ ಹೋದ ಆ ವರ್ಷ, ಜಗದ್ಗುರು ಪೀಠವು ಈ ಅವಕಾಶವನ್ನು ತಿಂಗಳಿಡೀ ವಿಸ್ತರಿಸಿತ್ತು. ಆ ನೋವನ್ನು ಉಂಡ ಮನೆಗಳು ನಮ್ಮಲ್ಲೂ ಇವೆ.

ಈ ಸಲ ಸಮಾಧಿಭೂಮಿಗೆ ಹೋದಾಗ ನಮ್ಮವರ ಸಮಾಧಿಯ ಮುಂದೆ ಜಪಸರ ಮುಗಿಸಿ ಹಿಂತಿರುಗುವ ಮುನ್ನ, ಹೂವಿಲ್ಲದ ಒಂದು ಸಮಾಧಿಯನ್ನು ಹುಡುಕೋಣ. ಹೆಸರು ಅಳಿಸಿಹೋಗಿರಬಹುದು, ಬದುಕಿದ್ದಾಗ ನಮ್ಮ ಮನೆಯವರೊಡನೆ ಮಾತು ಬಿಟ್ಟವರದೇ ಆಗಿರಬಹುದು. ಅಲ್ಲೊಂದು ಬತ್ತಿ ಹಚ್ಚಿ, ಒಂದು ಪರಲೋಕ ಮಂತ್ರ, ಒಂದು ನಮೋ ಮರಿಯ ಹೇಳೋಣ. ಧಾರವಾಡದ ಕಡೆಗೆ ಹೋಗುವವರು ಬಿಡುವಿದ್ದರೆ ಆ ಹಳೆಯ ಸಮಾಧಿಶಿಲೆಗಳನ್ನು ಮಕ್ಕಳಿಗೆ ತೋರಿಸಲಿ. ಬೈಲಹೊಂಗಲದಲ್ಲಿ ರಾಣಿಯ ಸಮಾಧಿಗೂ ಕೈಮುಗಿಯಲಿ. ಎರಡನ್ನೂ ಕಂಡ ಮಗು ನಾಡಿನ ಮೇಲಿನ ಅಭಿಮಾನವನ್ನೂ ಸತ್ತವರ ಮೇಲಿನ ಕರುಣೆಯನ್ನೂ ಒಟ್ಟಿಗೆ ಕಲಿಯುತ್ತದೆ.

ನಮ್ಮ ಹೆಸರುಗಳನ್ನು ಅಳಿಯದ ಪುಸ್ತಕದಲ್ಲಿ ಬರೆದಿಟ್ಟಿರುವ ದಯಾಮಯ ದೇವರು, ಹೆಸರುಳ್ಳವರಿಗೂ ಹೆಸರಿಲ್ಲದವರಿಗೂ, ನಮ್ಮವರಿಗೂ ನಮ್ಮವರಲ್ಲದವರಿಗೂ ನಿತ್ಯ ವಿಶ್ರಾಂತಿಯನ್ನು ದಯಪಾಲಿಸಲಿ.